ಹೇಳಿ ಮುರಿಯುವ ಪಾಳಿ

ಎಂಸಿಎ ಕೊನೆಯ ವರ್ಷಕ್ಕೆ ಬಂದಾಗ ನನಗೆ ನಲವತ್ತು ದಾಟಿತ್ತು. ಬಾಗಲಕೋಟೆ ನವನಗರದ ಆ ಕಾಲೇಜಿನಲ್ಲಿ ನಾನು ತರಗತಿಯೊಳಗೆ ಕಾಲಿಟ್ಟರೆ ಹೊಸದಾಗಿ ಸೇರಿದ ಹುಡುಗರು ಎದ್ದು ನಿಲ್ಲುತ್ತಿದ್ದರು. ನಾನು ಹೋಗಿ ಹಿಂದಿನ ಬೆಂಚಿನಲ್ಲಿ ಕೂತ ಮೇಲೆ ಒಬ್ಬರ ಮುಖ ಒಬ್ಬರು ನೋಡಿ ನಗುತ್ತ ಕೂಡುತ್ತಿದ್ದರು. ನನಗೆ ಬೇಸರವಾಗುತ್ತಿರಲಿಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಹುನಗುಂದದ ಮೋಟಾರ್ ರಿವೈಂಡಿಂಗ್ ಅಂಗಡಿ ಸೇರಿದವನು ನಾನು. ಸುಟ್ಟ ಮೋಟಾರಿನ ಹಳೆಯ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತುವ ಕೆಲಸ. ಮದುವೆಯಾದ ಮೇಲೆ ಹತ್ತನೆಯದನ್ನು ಹೊರಗಿನಿಂದ ಕಟ್ಟಿ ಪಾಸಾದೆ. ಆಮೇಲೆ ಪಿಯುಸಿ, ಆಮೇಲೆ ಅಂಚೆ ಮೂಲಕ ಡಿಗ್ರಿ. ಎಲ್ಲವೂ ಅಂಗಡಿಯ ಕೆಲಸದ ನಡುವೆ. ಇಂದಿಗೂ ಕೀಬೋರ್ಡಿನ ಮೇಲೆ ನನ್ನ ಎರಡೇ ಬೆರಳು ಓಡುವುದು. ಈ ಬರಹವನ್ನೂ ಆ ಎರಡು ಬೆರಳುಗಳೇ ಬರೆಯುತ್ತಿವೆ. ನಿಧಾನವಾದರೂ ಬರೆಯುತ್ತೇನೆ, ಯಾಕೆಂದರೆ ನನ್ನ ಎಂಸಿಎ ಯಾಕೆ ನಿಂತಿತು ಎಂದು ಊರಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಿದ್ದಾರೆ. ನನಗೆ ತಲೆ ಓಡಲಿಲ್ಲ ಎನ್ನುವವರೂ ಇದ್ದಾರೆ. ತಲೆ ಓಡಿತ್ತು. ನಾನು ಒಲ್ಲೆ ಅಂದೆ, ಅದಕ್ಕೆ ನಿಂತಿತು.

ಕೊನೆಯ ವರ್ಷ ಒಂದು ಪ್ರಾಜೆಕ್ಟ್ ಮಾಡಿ ತೋರಿಸಬೇಕು. ನನಗೆ ದಾರಿ ತೋರಿಸಲು ಕೊಟ್ಟ ಮೇಡಮ್ ನನಗಿಂತ ಎಷ್ಟೋ ಚಿಕ್ಕವರು. ಅಜ್ಜ, ಅಪ್ಪ ಎಲ್ಲರೂ ಮಾಸ್ತರಿಕೆ ಮಾಡಿದ ಮನೆತನ. ಮೊದಲ ದಿನವೇ ಕೂಡಿಸಿಕೊಂಡು ಕೇಳಿದರು.

"ಈ ಹುಡುಗರ ಗತೆ ಹೋಟೆಲ್ ಬಿಲ್ ಮಾಡೋ ಸಾಫ್ಟ್‌ವೇರ್ ತರಬ್ಯಾಡ್ರಿ. ನಿಮ್ಮ ಊರಾಗ ಏನರೆ ತೊಂದರೆ ಅದ ಏನು, ಹೇಳ್ರಿ."

"ನಮ್ಮ ಪೈಪ್‌ಲೈನ್ ಐತಲ್ರಿ ಮೇಡಮ್, ಅದ ದೊಡ್ಡ ತೊಂದರಿ," ಎಂದೆ.

ಕಮತಗಿಯ ಕಡೆ ನಮ್ಮೂರಿನ ಕೆಲವು ಹೊಲಗಳಿಗೆ ಹೊಳೆಯಿಂದ ನೀರೆತ್ತುವ ಪೈಪ್‌ಲೈನ್ ಅದು. ನಡೆಸುವುದು ರೈತರದೇ ಒಂದು ಸಂಘ. ಪೈಪು ಹೊಲದಿಂದ ಹೊಲಕ್ಕೆ ಹೋಗುತ್ತದೆ, ಪ್ರತಿ ಹೊಲಕ್ಕೂ ಒಂದು ವಾಲ್ವ್ ಇದೆ. ಒಮ್ಮೆಗೆ ಮೂರು ನಾಲ್ಕು ವಾಲ್ವ್ ತೆರೆದರೆ ನೀರು ಜೋರಾಗಿ ಬರುತ್ತದೆ. ಎಲ್ಲರೂ ತೆರೆದರೆ ಯಾರಿಗೂ ಸರಿಯಾಗಿ ಬರುವುದಿಲ್ಲ, ಕೊನೆಯ ಹೊಲಗಳಲ್ಲಿ ಪೈಪು ಬರೀ ಗಾಳಿ ಉಗುಳುತ್ತದೆ. ಇದನ್ನು ಸರಿ ಮಾಡುತ್ತೇವೆಂದು ಯಾರೋ ಹೊರಗಿನವರು ಬಂದು ಸಂಘದ ಆಫೀಸಿನಲ್ಲಿ ಒಂದು ದೊಡ್ಡ ಯಂತ್ರ ಕೂಡಿಸಿ ಹೋಗಿದ್ದರು. ಅದೊಂದೇ ಎಲ್ಲ ವಾಲ್ವುಗಳಿಗೂ ಹುಕುಂ ಕೊಡುತ್ತಿತ್ತು. ಆಫೀಸಿನಲ್ಲಿ ಕರೆಂಟು ಹೋದರೆ ಎಲ್ಲ ವಾಲ್ವುಗಳೂ ಇದ್ದಂತೆ ನಿಂತುಬಿಡುತ್ತಿದ್ದವು. ತೆರೆದದ್ದು ತೆರೆದೇ, ಮುಚ್ಚಿದ್ದು ಮುಚ್ಚಿಯೇ. ಒಬ್ಬನ ಉಳ್ಳಾಗಡ್ಡಿ ನೀರಲ್ಲಿ ಕೊಳೆಯುವುದು, ಬದುವಿನ ಆಚೆ ಇನ್ನೊಬ್ಬನದು ಒಣಗುವುದು.

ಮೇಡಮ್ ಕೇಳಿಸಿಕೊಂಡು ಹೇಳಿದರು: "ಒಬ್ಬನ ಕೈಯಾಗ ಎಲ್ಲಾ ಕೊಟ್ರ ಹಂಗ ಆಗ್ತದ. ಪ್ರತಿ ವಾಲ್ವಿಗೂ ಒಂದೊಂದು ಸಣ್ಣ ಕಂಪ್ಯೂಟರ್ ಕೂಡಸ್ರಿ. ಅದು ತನ್ನ ಹೊಲಾ ತಾನ ನೋಡ್ಲಿ, ನೀರು ಬೇಕೋ ಬ್ಯಾಡೋ ತಾನ ಠರಾಸ್ಲಿ. ಇಂಥಾದ್ದಕ್ಕ ಏಜೆಂಟ್ ಅಂತಾರ."

"ಎಲ್ಲಾರೂ ತಮ್ಮ ತಮ್ಮ ಹೊಲಾನ ನೋಡ್ಕೊಂಡ್ರ ಜಗಳಾ ಆಗೂದಿಲ್ಲೇನ್ರಿ?"

"ಆಗ್ತದ. ಅದಕ್ಕ ಅವುಕ್ಕ ತಮ್ಮ ತಮ್ಮೊಳಗ ಒಂದು ರಿವಾಜ ಬೇಕು. ಅದನ್ನ ಕಂಡುಹಿಡೀರಿ. ಅದ ನಿಮ್ಮ ಪ್ರಾಜೆಕ್ಟ್."

ಓದಲು ಕೆಲವು ಇಂಗ್ಲಿಷ್ ಲೇಖನ ಕೊಟ್ಟರು. ಪದಕೋಶ ತೊಡೆಯ ಮೇಲಿಟ್ಟುಕೊಂಡು ಓದಿದೆ. ಅರ್ಥವಾಗದೆ ಮತ್ತೆ ಹೋದಾಗ ಮೇಡಮ್ ತಮ್ಮ ಟೇಬಲ್ಲಿನ ಡ್ರಾಯರ್ ತೋರಿಸಿ ಬಿಡಿಸಿ ಹೇಳಿದರು. "ಕೀಲಿ ಬ್ಯಾರೆ, ರಿವಾಜ ಬ್ಯಾರೆ. ಈ ಡ್ರಾಯರಿಗೆ ಕೀಲಿ ಹಾಕಿದ್ರ ನಿಮಗ ತಗೀಲಿಕ್ಕೇ ಬರೂದಿಲ್ಲ. ಕೀಲಿ ಇಲ್ಲದಿದ್ರೂ ನೀವು ಇದನ್ನ ತಗಿಯೂದಿಲ್ಲ, ಹೌದಲ್ಲೋ? ಅದು ರಿವಾಜ. ತಗೀಲಿಕ್ಕೆ ಬರ್ತದ. ತಗದ್ರ ನಾ ನೋಡ್ತೇನಿ, ನೋಡಿ ಏನರೆ ಅಂತೇನಿ." ಆ ಮಾತು ನನ್ನ ತಲೆಯಲ್ಲಿ ಕೂತಿತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಆಕೆ ಇಳಕಲ್ಲಿನವಳು, ಮಾತಿನಲ್ಲಿ ನನ್ನನ್ನು ಯಾವಾಗಲೂ ಸೋಲಿಸುವವಳು.

"ಏಜೆಂಟ ಅಂದ್ರ ವಿಮಾ ಮಾಡಸವ್ರೇನ್ರಿ?"

"ಅಲ್ಲ, ಪೆಟ್ಟಿಗಿ. ಪೆಟ್ಟಿಗಿ ಪೆಟ್ಟಿಗಿ ತಮ್ಮೊಳಗ ಮಾತಾಡಿ ಯಾರಿಗೆ ಯಾವಾಗ ನೀರಂತ ಠರಾಸ್ತಾವು."

"ಈ ಮನ್ಯಾಗ ಇಬ್ರು ಮಾತಾಡಿ ಒಂದು ಕೆಲಸ ಆಗವಲ್ದು. ಅಷ್ಟು ಪೆಟ್ಟಿಗಿ ಮಾತಾಡಿದ್ರ ಮುಗೀತು ನೋಡ್ರಿ ಕತಿ." ಆಮೇಲೆ ರೊಟ್ಟಿ ಬಡಿಯುತ್ತ ತಾನೇ ಅಂದಳು, "ನಳದ ಪಾಳಿ ಇತ್ತಲ್ರಿ, ಹಂಗ ಮಾಡ್ರಿ."

ನಳದ ಪಾಳಿಯನ್ನು ನಾನು ಮರೆತೇಬಿಟ್ಟಿದ್ದೆ.

ನಮ್ಮ ಮದುವೆಯ ಹೊತ್ತಿಗೆ ನಮ್ಮ ಓಣಿಗೆ ಒಂದೇ ನಳ. ನೀರು ಯಾವಾಗ ಬರುವುದೆಂದು ಹೇಳುವಂತಿರಲಿಲ್ಲ. ಹೆಂಗಸರು ಕೊಡಗಳನ್ನು ಸಾಲಾಗಿ ಇಟ್ಟು ಮನೆಗೆ ಹೋಗಿಬಿಡುತ್ತಿದ್ದರು. ಕೊಡಗಳೇ ಅವರ ಬದಲಿಗೆ ಪಾಳಿ ಹಚ್ಚಿ ನಿಂತಿರುತ್ತಿದ್ದವು. ಕಾಯುವವರು ಯಾರೂ ಇಲ್ಲ, ಪಂಚರು ಯಾರೂ ಇಲ್ಲ. ಆದರೂ ಒಬ್ಬರ ಕೊಡ ಇನ್ನೊಬ್ಬರು ಸರಿಸುತ್ತಿರಲಿಲ್ಲ. ಹಾಗಂತ ಪಾಳಿ ಮುರಿಯಲು ಬರುತ್ತಿರಲಿಲ್ಲ ಅಂತಲ್ಲ. ಮನೆಯಲ್ಲಿ ಬಾಣಂತಿ ಇದ್ದರೆ, ಬೀಗರು ಬಂದು ಕೂತಿದ್ದರೆ, ಕೊಡ ಎತ್ತಿ ಮುಂದೆ ಇಡಬಹುದಿತ್ತು. ಇಡುವಾಗ ಓಣಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಬೇಕು, ಅಷ್ಟೇ. "ನಂದು ಮುಂದ ಇಡ್ತೇನ್ರೆವಾ, ಬೀಗರ ಬಂದಾರ!" ಮನೆಯೊಳಗಿಂದಲೇ ಯಾರಾದರೂ "ಇಡವಾ, ಇಡು" ಅನ್ನುವರು. ಮರುದಿನ ಆಕೆ ತಾನಾಗಿಯೇ ಎಲ್ಲರಿಗಿಂತ ಹಿಂದೆ ಇಡುತ್ತಿದ್ದಳು.

ಹೇಳದೆ ಮುಂದೆ ಇಟ್ಟವಳ ಜೊತೆ ಯಾರೂ ಜಗಳಕ್ಕೆ ಹೋಗುತ್ತಿರಲಿಲ್ಲ. ಮೊದಲು ಕಂಡವರು ಆ ಕೊಡವನ್ನು ಬೋರಲು ಹಾಕುತ್ತಿದ್ದರು. ಬೋರಲು ಬಿದ್ದ ಕೊಡವನ್ನು ದಾಟಿ ಪಾಳಿ ಮುಂದೆ ಹೋಗುವುದು. ಒಡತಿ ಬಂದು, ಅದನ್ನು ಎತ್ತಿ, ಎಲ್ಲರ ಹಿಂದೆ ಇಟ್ಟರೆ ಅಲ್ಲಿಗೆ ಮುಗಿಯಿತು. ಮತ್ತೆ ಅದರ ಮಾತಿಲ್ಲ.

ನನ್ನ ಹೆಂಡತಿ ಮದುವೆಯಾಗಿ ಬಂದ ಹೊಸದರಲ್ಲಿ ಇದು ಗೊತ್ತಿಲ್ಲದೆ ತನ್ನ ಕೊಡ ಸುಮ್ಮನೆ ಮುಂದೆ ಇಟ್ಟು ಬಂದಳು. ನೀರು ಬಂದ ಸದ್ದು ಕೇಳಿ ಓಡಿ ಹೋದರೆ ತವರಿನಿಂದ ತಂದ ಹಿತ್ತಾಳೆ ಕೊಡ ಬೋರಲು ಬಿದ್ದಿತ್ತು. ಕೆಂಪಗಾಗಿ ಬಂದು ನನ್ನ ಮೇಲೆ ಹರಿಹಾಯ್ದಳು: "ನಿಮ್ಮ ಊರಾಗ ಕೊಡಕ್ಕೂ ಮರ್ಯಾದಿ ಇಲ್ಲ!" ವಾರ ಕಳೆಯುವುದರೊಳಗೆ ಆಕೆಯೇ ಬೇರೆ ಯಾರದೋ ಕೊಡ ಬೋರಲು ಹಾಕಿ ಬಂದು, ಅದನ್ನು ನನಗೆ ಹೆಮ್ಮೆಯಿಂದ ಹೇಳಿದಳು.

ಈ ರಿವಾಜನ್ನೇ ನಾನು ಪೆಟ್ಟಿಗೆಗಳೊಳಗೆ ಬರೆದೆ. ಪ್ರತಿ ಪೆಟ್ಟಿಗೆಗೂ ಅಂಗೈಯಷ್ಟು ಸೋಲಾರ್ ಪ್ಲೇಟು, ಬ್ಯಾಟರಿ, ಒಂದರ ಮಾತು ಇನ್ನೊಂದಕ್ಕೆ ಮುಟ್ಟಿಸುವ ರೇಡಿಯೋ, ನೆಲದಲ್ಲಿ ಹುಗಿದು ಹಸಿ ಎಷ್ಟಿದೆ ಎಂದು ನೋಡುವ ಒಂದು ಕಡ್ಡಿ. ಪೆಟ್ಟಿಗೆ ಪಾಳಿ ಹಚ್ಚಬೇಕು. ತನ್ನ ಪಾಳಿ ಬಂದಾಗ ವಾಲ್ವ್ ತೆರೆಯಬೇಕು. ಹೊಲ ತೀರಾ ಒಣಗಿದರೆ ಪಾಳಿ ಮುರಿಯಬಹುದು, ಆದರೆ ಎಲ್ಲ ಪೆಟ್ಟಿಗೆಗಳಿಗೂ ಹೇಳಿಯೇ ಮುರಿಯಬೇಕು, ಆಮೇಲೆ ಹಿಂದೆ ನಿಲ್ಲಬೇಕು. ಹಿಂದೆ ನಿಲ್ಲದೆ ಮತ್ತೆ ಮತ್ತೆ ಮುರಿದರೆ ಉಳಿದವು ಅದನ್ನು ಬೋರಲು ಹಾಕುತ್ತವೆ. ಅಂದರೆ ಅದಕ್ಕೆ ಜಾಗ ಬಿಡಲು ಯಾವುದೂ ತನ್ನ ವಾಲ್ವ್ ಮುಚ್ಚುವುದಿಲ್ಲ. ಮುರಿದದ್ದು, ಬೋರಲು ಬಿದ್ದದ್ದು, ಎರಡೂ ಸಂಘದ ಎಲ್ಲ ರೈತರ ಮೊಬೈಲಿಗೆ ಹೋಗುತ್ತವೆ.

ಸಂಘದ ಅಧ್ಯಕ್ಷರನ್ನು ನಾನು ಕಾಕಾ ಎಂದು ಕರೆಯುತ್ತೇನೆ. ಸಂಬಂಧದಲ್ಲಿ ಏನೂ ಅಲ್ಲ, ವಯಸ್ಸಿನಿಂದ. ಪೈಪಿನ ಮೊದಲ ಹೊಲ ಅವರದು, ದಾಳಿಂಬೆ ತೋಟ. ಪೆಟ್ಟಿಗೆ ಕೂಡಿಸಲು ಕೇಳಲು ಹೋದಾಗ ಅವರು ನಕ್ಕರು. "ಇಷ್ಟು ದಿನಾ ಮಂದಿ ಸುಟ್ಟ ಮೋಟಾರ ಸುತ್ತಿದಿ, ಇನ್ನ ನೀನ ಏನರೆ ಸುಡಬೇಕಂತಿ ಏನು? ಸುಡು, ಸುಡು. ನಮ್ಮೂರ ಹುಡುಗ ಕಲಿಯಾಕತ್ತಾನಂದ್ರ ನಾ ಯಾಕ ಅಡ್ಡ ಬರ್ಲಿ." ಆಫೀಸಿನ ಯಂತ್ರ ಬಂದ್ ಮಾಡಿಸಿ ಪೈಪನ್ನು ನನ್ನ ಕೈಗೆ ಕೊಟ್ಟರು. ಆ ಉಪಕಾರವನ್ನು ನಾನು ಇಲ್ಲವೆನ್ನುವುದಿಲ್ಲ.

ಮೊದಲ ದಿನದ ಪರೀಕ್ಷೆ ಕೆಟ್ಟಿತು. ಕೆಟ್ಟದ್ದು ನಾನು ಈ ಊರಿನವನಾದ್ದರಿಂದ. ಇಬ್ಬರ ಹೊಲದ ಹಸಿ ಸರಿಸಮ ಇದ್ದರೆ ಏನು ಮಾಡಬೇಕೆಂದು ಬರೆಯುವಾಗ, "ಇನ್ನೊಬ್ಬರಿಗೆ ಬಿಟ್ಟುಕೊಡು" ಎಂದು ಬರೆದಿದ್ದೆ. ನಮ್ಮಲ್ಲಿ ಬಾಗಿಲು ದಾಟುವಾಗಲೂ "ನೀವ ಮೊದ್ಲ ನಡೀರಿ" ಅನ್ನುತ್ತೇವಲ್ಲ, ಅದೇ ರೂಢಿಯಲ್ಲಿ ಬೆರಳು ಓಡಿಬಿಟ್ಟವು. ಹಿಂದಿನ ದಿನ ಮಳೆ ಬಿದ್ದು ಎಲ್ಲ ಹೊಲಗಳ ಹಸಿ ಒಂದೇ ಸಮ ಆಗಿತ್ತು. ಪಂಪು ಶುರುವಾಯಿತು. ಒಂದು ಪೆಟ್ಟಿಗೆ "ನೀ ಮೊದಲು" ಅಂದಿತು. ಇನ್ನೊಂದು "ಇಲ್ಲ, ನೀ ಮೊದಲು" ಅಂದಿತು. ಹೀಗೆ ಮೊದಲ ಹೊಲದಿಂದ ಕೊನೆಯ ಹೊಲದವರೆಗೆ ಎಲ್ಲವೂ ಉಪಚಾರ ಮಾಡುತ್ತ ನಿಂತವು, ಒಂದೇ ಒಂದು ವಾಲ್ವ್ ತೆರೆಯಲಿಲ್ಲ. ಪೈಪಿನೊಳಗೆ ಒತ್ತಡ ಏರಿ ಹೊಳೆಯ ಹತ್ತಿರದ ಜೋಡಣೆ ಫಟ್ ಅಂತ ಬಿಚ್ಚಿತು. ಜಾಲಿ ಗಿಡದೆತ್ತರ ಎದ್ದ ನೀರು ನೋಡಲು ಬಂದಿದ್ದ ಕಾಕಾರ ಬಿಳಿ ಅಂಗಿಯ ಮೇಲೆ ಬಿತ್ತು.

"ಲೇ ಇಂಜಿನೇರ! ಇವುಕ್ಕ ನೀರ ಬಿಡ್ರಿ ಅಂತ ಕಲಿಸಿಯೋ, ಬೀಗತನ ಮಾಡ್ರಿ ಅಂತ ಕಲಿಸಿಯೋ?"

ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಮನೆಗೆ ಬಂದು ಊಟ ಮಾಡಲಾಗಲಿಲ್ಲ. ಹೆಂಡತಿ ತಾಟಿನ ಮುಂದೆ ನಿಂತು ವಿಷಯ ಕೇಳಿದಳು.

"ಬೀಗರಿಗೆ ಹೋಳಿಗಿ ನೀಡುವಾಗ ಏನ್ ಮಾಡ್ತೇವ್ರಿ? ಎರಡು ಸಲ ಒಲ್ಲೆ ಅಂತಾರ. ಮೂರನೇ ಸಲ ಕೇಳಿದಾಗ ತಾಟ ಮುಂದ ಮಾಡ್ತಾರ. ಆಗೂ ಮಾಡದಿದ್ರ ಖರೇನ ಹಸಿವಿಲ್ಲಂತ ಬುಟ್ಟಿ ತಗೊಂಡು ಮುಂದಿನ ಪಂಕ್ತಿಗೆ ಹೋಗ್ತೇವಿ. ನಿಮ್ಮ ಪೆಟ್ಟಿಗಿ ಬರೇ ಒಲ್ಲೆ ಅನ್ನೂದಷ್ಟ ಕಲ್ತಾವು, ಉಣ್ಣೂದು ಕಲ್ತಿಲ್ಲ."

ಅದನ್ನೇ ಸೇರಿಸಿದೆ. ಎರಡು ಸಲ ಬಿಟ್ಟುಕೊಡು, ಮೂರನೆಯ ಸಲದ ಮಾತು ಯಾರಿಗೆ ಮೊದಲು ಮುಟ್ಟುತ್ತದೋ ಅವರು ತೆಗೆದುಕೊಳ್ಳಬೇಕು. ಅಲ್ಲಿಂದ ಪೈಪು ನಡೆಯಿತು.

ಅದು ನಡೆದ ಆ ದಿನಗಳು ನನ್ನ ಬದುಕಿನಲ್ಲಿ ನಾನು ತಲೆ ಎತ್ತಿ ಓಡಾಡಿದ ದಿನಗಳು. ಪೈಪಿನ ಕೊನೆಯ ಹೊಲ ನನ್ನ ಗೆಳೆಯನದು. ಏಳನೇ ಇಯತ್ತೆಯವರೆಗೆ ನನ್ನ ಪಕ್ಕ ಕೂತವನು, ಈಗ ಉಳ್ಳಾಗಡ್ಡಿ ಬೆಳೆಯುತ್ತಾನೆ. ಸಸಿ ಹಚ್ಚಿದ ಹೊಸದರಲ್ಲಿ ಒಂದು ದಿನ ಅವನ ವಾಲ್ವಿನಲ್ಲಿ ರಾಡಿ ಸಿಕ್ಕಿಕೊಂಡು ಅವನ ಪಾಳಿಯ ನೀರು ಹೋಗಲೇ ಇಲ್ಲ. ಮರುದಿನ ಬಿಸಿಲು ಸುಡುತ್ತಿತ್ತು. ನಾನು ಅವನ ಬದುವಿನ ಮೇಲೆ ವಾಲ್ವ್ ಬಿಚ್ಚಿ ತೊಳೆದು ಕೂಡಿಸುವುದಕ್ಕೂ, ಇಬ್ಬರ ಮೊಬೈಲೂ ಒಮ್ಮೆಲೇ ಗುಂಯ್ ಅನ್ನುವುದಕ್ಕೂ ಸರಿಹೋಯಿತು. "ಕೊನೆಯ ಹೊಲ: ಪಾಳಿ ಮುರಿಯುತ್ತಿದ್ದೇನೆ. ಸಸಿ ಒಣಗುತ್ತಿವೆ." ನಾನು ಹೇಳಿಕೊಟ್ಟಿದ್ದಲ್ಲ, ಪೆಟ್ಟಿಗೆಯೇ ನೆಲ ನೋಡಿ ಹೇಳಿದ್ದು. ಮೇಲಿನ ಹೊಲಗಳ ವಾಲ್ವುಗಳು ಒಂದರ ಹಿಂದೆ ಒಂದು ಮುಚ್ಚಿಕೊಂಡವು. ಪೈಪಿನಲ್ಲಿ ಮೊದಲು ಗಾಳಿ, ಆಮೇಲೆ ಕೆಮ್ಮಿದ ಹಾಗೆ ಸದ್ದು, ಆಮೇಲೆ ನೀರು.

"ಲೇ ದೋಸ್ತ, ನಮ್ಮಪ್ಪನ ಕಾಲದಿಂದ ಈ ಹೊಲಕ್ಕ ಯಾರೂ ಜಾಗಾ ಬಿಟ್ಟಿದ್ದಿಲ್ಲಲೇ," ಎಂದು ಗೆಳೆಯ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತುಬಿಟ್ಟ. ಮುಂದಿನ ಸುತ್ತಿನಲ್ಲಿ ಅವನ ಪೆಟ್ಟಿಗೆ ತಾನೇ ಎಲ್ಲರ ಹಿಂದೆ ನಿಂತಿತು. ಅವನು ಫೋನು ಮಾಡಿ ನನ್ನನ್ನು ಬೈದ. ನಾನು ಬೈಸಿಕೊಂಡೆ.

ಬೇಸಿಗೆ ಏರಿತು. ಕಾಲೇಜಿನ ಪರೀಕ್ಷೆ ಹತ್ತಿರ ಬಂತು. ಹೊರಗಿನಿಂದ ಒಬ್ಬ ಪರೀಕ್ಷಕರು ಬಂದು ಪ್ರಶ್ನೆ ಕೇಳುತ್ತಾರೆ, ನಾವು ಪೈಪ್‌ಲೈನ್ ನಡೆಯುವುದನ್ನು ಮೊಬೈಲಿನಲ್ಲಿ ಅವರಿಗೆ ತೋರಿಸಬೇಕು, ಅದು ಮುಗಿದರೆ ನಾನು ಎಂಸಿಎ. ಆಗಲೇ ಮೊದಲ ಹೊಲದ ಪೆಟ್ಟಿಗೆ ಪಾಳಿ ಮುರಿಯತೊಡಗಿತು. ಹೇಳಿಯೇ ಮುರಿಯಿತು, "ಹೊಲ ಒಣಗಿದೆ" ಎಂದು. ಆದರೆ ಮರುದಿನ ಹಿಂದೆ ನಿಲ್ಲದೆ ಮತ್ತೆ ಮುರಿಯಿತು. ಅದರ ಮರುದಿನವೂ. ಆಮೇಲೆ ಎಲ್ಲರ ಮೊಬೈಲಿಗೂ ಬಂತು: "ಮೊದಲನೇ ಹೊಲ ಬೋರಲು."

ನಾನು ರಿವೈಂಡಿಂಗ್ ಮಾಡಿದವನು, ಯಂತ್ರ ಕೆಟ್ಟಿದೆ ಅಂದುಕೊಂಡೇ ಹೋದೆ. ಪೆಟ್ಟಿಗೆ ಸರಿಯಾಗಿತ್ತು. ಹಸಿ ನೋಡುವ ಕಡ್ಡಿ ಮಾತ್ರ ನೆಲದಲ್ಲಿರಲಿಲ್ಲ. ವಯರ್ ಹಿಡಿದು ನೋಡುತ್ತ ಹೋದರೆ ಅದು ಬದುವಿನ ಜಾಲಿ ಗಿಡದ ಟೊಂಗೆಗೆ ಸುತಳಿಯಿಂದ ಕಟ್ಟಿ ಬಿಸಿಲಲ್ಲಿ ನೇತಾಡುತ್ತಿತ್ತು. ಗಿಡದ ಬುಡದಲ್ಲಿ ದಾಳಿಂಬೆಯ ಪಾತಿಗಳು ತೊಯ್ದು ಕೆಸರಾಗಿದ್ದವು. ಪಾಪ, ಪೆಟ್ಟಿಗೆಗೆ ಕಂಡದ್ದು ಬರೀ ಬಿಸಿಲು. ಅದು ತನಗೆ ಗೊತ್ತಿದ್ದಷ್ಟು ಖರೆ ಹೇಳಿತ್ತು.

ನಾನು ಸುತಳಿ ಬಿಚ್ಚಿ ಕಡ್ಡಿಯನ್ನು ಮತ್ತೆ ನೆಲಕ್ಕೆ ಹುಗಿಯುವಾಗ ಕಾಕಾ ಬಂದರು. ಮುಚ್ಚುಮರೆ ಮಾಡಲಿಲ್ಲ.

"ದಾಳಿಂಬಿ ಹೂ ಬಿಟ್ಟಾವ. ನೀರ ಬೇಕಾಗಿತ್ತು, ತಗೊಂಡೆ."

"ಬೇಕಾಗಿದ್ರ ಖರೆ ಹೇಳಿ ಮುರೀಬಹುದಿತ್ತಲ್ರಿ ಕಾಕಾ. ಮರುದಿನಾ ಒಂದೀಟು ಹಿಂದ ನಿಂತಿದ್ರ ಆಗ್ತಿತ್ತು."

"ಅಧ್ಯಕ್ಷ ಆದಾಂವ ಹಿಂದ ನಿಂದರ್ಬೇಕು?" ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. "ಚಾದಂಗಡ್ಯಾಗ ಹೋದ್ರ ಮಂದಿ ಕಪ್ ಬೋರಲ ಹಾಕಿ ನಗತಾರ. ಇದು ಛಲೋ ಅಲ್ಲ ನೋಡು. ನನ್ನ ಪೆಟ್ಟಿಗಿದು ಅಷ್ಟ ಬಾಯಿ ಮುಚ್ಚಸು. ಅದು ಮುರಿದ್ರ ಯಾರಿಗೂ ಹೇಳಬಾರ್ದು. ಉಳದವ್ರದು ಹೆಂಗೈತಿ ಹಂಗ ಇರ್ಲಿ."

ಮಾಡಲು ಬರುತ್ತಿತ್ತು. ಸಣ್ಣ ತಿದ್ದುಪಡಿ, ನನ್ನಂಥ ಎರಡು ಬೆರಳಿನವನಿಗೂ ಒಂದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ.

"ಒಬ್ರದು ಬಾಯಿ ಮುಚ್ಚಿಸಿದ್ರ ರಿವಾಜ ಉಳಿಯೂದಿಲ್ರಿ ಕಾಕಾ. ಅದೊಂದು ಬಿಟ್ಟು ಬ್ಯಾರೆ ಏನರೆ ಹೇಳ್ರಿ."

"ನಾ ಪೈಪ್ ಬಿಟ್ಟುಕೊಟ್ಟಿದ್ದಕ್ಕ ನಿನ್ನ ಪರೀಕ್ಷಾ ಐತಿ. ನೆನಪೈತಿಲ್ಲೋ?"

"ಐತ್ರಿ."

"ಹಂಗಾರ?"

"ಆಗೂದಿಲ್ರಿ."

ಇದಕ್ಕಿಂತ ಉದ್ದ ಮಾತು ನನಗೆ ಹೊಳೆಯಲಿಲ್ಲ. ಅದಕ್ಕಿಂತ ಮೊದಲು ಯಾರೆದುರೂ ಹಾಗೆ ನಿಂತವನಲ್ಲ ನಾನು. ಒಮ್ಮೆ ನಿಂತ ಮೇಲೆ ಕೂಡಲು ಮನಸ್ಸಾಗಲಿಲ್ಲ.

ಪರೀಕ್ಷೆಗೆ ಎರಡು ದಿನ ಮುಂಚೆ ಸಂಘದ ಕಡೆಯವರು ಪೆಟ್ಟಿಗೆಗಳನ್ನೆಲ್ಲ ಕಿತ್ತು, ಗೊಬ್ಬರದ ಖಾಲಿ ಚೀಲಗಳಲ್ಲಿ ತುಂಬಿ, ನನ್ನ ಮನೆಯ ಕಟ್ಟೆಯ ಮೇಲೆ ಒಗೆದು ಹೋದರು. ಆಫೀಸಿನ ಯಂತ್ರ ಮತ್ತೆ ಶುರುವಾಯಿತು. ಪರೀಕ್ಷೆಯ ದಿನ ನಾನು ಹೊರಟಾಗ, ಹ್ಞೂಂ ಅಂದಿದ್ದರೆ ಏನಾಗುತ್ತಿತ್ತು ಎಂದು ಓಣಿಯ ಇಬ್ಬರು ಮೂವರು ಬಂದು ಕೇಳಿದರು. ಹೆಂಡತಿ ಚೀಲಗಳನ್ನು ಹೊರಗೆ ಎಳೆಯುತ್ತ ಅವರಿಗೆ ಕೇಳುವಂತೆಯೇ ನನಗೆ ಅಂದಳು:

"ನನ್ನ ತವರಿನ ಕೊಡಾ ಬೋರಲ ಹಾಕಿದಾಗ ಯಾರೂ ಅಧ್ಯಕ್ಷರನ್ನ ಕೇಳಿದ್ದಿಲ್ಲ. ನೀವು ನಡೀರಿ, ಬಸ್ಸಿಗೆ ಹೊತ್ತಾಕ್ಕೈತಿ."

ಚೀಲ ಹೊತ್ತುಕೊಂಡು ಬಾಗಲಕೋಟೆಯ ಬಸ್ಸು ಹತ್ತಿದೆ. ಕಂಡಕ್ಟರ್ ಉಳ್ಳಾಗಡ್ಡಿ ಚೀಲಕ್ಕೆ ಲಗೇಜು ಎಂದ. ಉಳ್ಳಾಗಡ್ಡಿಯಲ್ಲ, ಕಂಪ್ಯೂಟರ್ ಎಂದೆ. ಅವನು ಚೀಲದ ಬಾಯಿ ಬಿಚ್ಚಿ, ಮಣ್ಣು ಮೆತ್ತಿದ ಪೆಟ್ಟಿಗೆ ನೋಡಿ, ನನ್ನ ಮುಖ ನೋಡಿ, ಲಗೇಜು ಕೇಳದೆ ಮುಂದೆ ಹೋದ.

ಪರೀಕ್ಷೆಯ ಕೋಣೆಯಲ್ಲಿ ಪೈಪೂ ಇಲ್ಲ, ನೀರೂ ಇಲ್ಲ. ಮೇಡಮ್ಮೇ ಟೇಬಲ್ ಜೋಡಿಸಿಕೊಟ್ಟರು. ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟು ವಾಲ್ವಿನ ಬದಲಿಗೆ ಸಣ್ಣ ಬಲ್ಬು ಹಚ್ಚಿದೆ. ಬಲ್ಬು ಹತ್ತಿದರೆ ನೀರು ಬಂದ ಹಾಗೆ. ಪರೀಕ್ಷಕರು ದಕ್ಷಿಣದ ಕಡೆಯವರು, ಮೆತ್ತಗಿನ ಮಾತಿನ ಹಿರಿಯರು. ನನ್ನ ವಯಸ್ಸು ನೋಡಿ ಮೊದಲು ನನ್ನನ್ನೇ ಕೂಡಲು ಹೇಳಿದರು. ಎಲ್ಲ ನೋಡಿದರು, ಕೇಳಿದರು. ಪಾಳಿ, ಉಪಚಾರದ ಕತೆ, ಬೋರಲು. ನಕ್ಕರೂ ಸಹ. ಪೈಪಿನಿಂದ ಯಾಕೆ ಕಿತ್ತರು ಎಂದು ಕೇಳಿದಾಗ ಯಾರ ಹೆಸರೂ ಎತ್ತದೆ ಕಡ್ಡಿ ಗಿಡಕ್ಕೆ ಕಟ್ಟಿದ ಸಂಗತಿ ಹೇಳಿದೆ. ಅಲ್ಲಿಗೆ ಅವರ ನಗು ನಿಂತಿತು.

"ಅಂದ್ರೆ ನಿಮ್ಮ ಸಿಸ್ಟಮ್ಮು ಮೋಸಕ್ಕೆ ಅವಕಾಶ ಕೊಡುತ್ತೆ. ಮುರಿಯೋಕೆ ಬಿಟ್ಟ ಮೇಲೆ ಅದು ರೂಲ್ ಹೇಗಾಗುತ್ತೆ? ಒಂದು ಲಾಕ್ ಹಾಕಿ. ತನ್ನ ಟರ್ನ್ ಇಲ್ದೆ ವಾಲ್ವು ತೆರೀಲೇಬಾರದು. ಆಗ ಈ ತಕರಾರೇ ಇರ್ತಿರ್ಲಿಲ್ಲ."

"ಹೌದ್ರಿ ಸರ್, ಇರ್ತಿದ್ದಿಲ್ಲ. ವಾಲ್ವಿನ್ಯಾಗ ರಾಡಿ ಸಿಕ್ಕ ದಿನಾ ನನ್ನ ಗೆಳ್ಯಾನ ಸಸಿನೂ ಇರ್ತಿದ್ದಿಲ್ಲ."

"ಅದು ಎಕ್ಸೆಪ್ಷನ್. ಅಂಥವನ್ನ ಮೊದಲೇ ಪಟ್ಟಿ ಮಾಡಿ ಲಾಕ್ ಒಳಗೆ ಸೇರಿಸಬಹುದು."

"ಯಾರ ಮನ್ಯಾಗ ಎಂದು ಬೀಗರ ಬರ್ತಾರ ಅಂತ ಮೊದಲ ಬರದಿಡಾಕ ಬರ್ತೈತೇನ್ರಿ ಸರ್? ಬರದಿಟ್ರೂ, ಕಡ್ಡಿ ಗಿಡದ ಮ್ಯಾಲ ಐತೋ ನೆಲದಾಗ ಐತೋ ಲಾಕಿಗೆ ಕಾಣೂದಿಲ್ರಿ. ಹೊಲಾ ಒಣಗೇತಿ ಅಂದ್ರ, ಪಟ್ಟಿಯೊಳಗ ಐತಿ ಅಂತ ನೀರ ಬಿಡ್ತೈತಿ. ಉಳದ ಪೆಟ್ಟಿಗಿ ನೋಡಾಕತ್ತಿದ್ವು, ಮುರಿದ ಮ್ಯಾಲ ಹಿಂದ ನಿಂತಿಲ್ಲ ಇದು ಅಂದ್ವು, ಅದಕ್ಕ ಮೋಸ ಸಿಕ್ಕಿಬಿತ್ತು. ಮುರಿಯಾಕ ಬರ್ತದಂತನ ಒಬ್ರನ್ನೊಬ್ರು ನೋಡ್ತಾರ್ರಿ. ಲಾಕ್ ಇದ್ದಲ್ಲೆ ಯಾರೂ ಯಾರನ್ನೂ ನೋಡೂದಿಲ್ಲ."

ಪರೀಕ್ಷಕರು ನನ್ನ ರಿಪೋರ್ಟಿನ ಹಾಳೆ ತಿರುವಿದರು. ಅವರು ಕೆಟ್ಟವರಲ್ಲ. ಯಂತ್ರಕ್ಕೆ ಮನುಷ್ಯರ ಸಲಿಗೆ ಕೊಡಬಾರದೆಂದು ಅವರು ನಂಬಿದ್ದಾರೆ, ಅಷ್ಟೆ.

"ನೋಡಿ, ನಿಮ್ಮ ಶ್ರಮ ನಂಗೆ ಕಾಣುತ್ತೆ. ಈ ವಯಸ್ಸಲ್ಲಿ ಇಷ್ಟು ಮಾಡಿದ್ದೀರ. ರಿಪೋರ್ಟಿನ ಕೊನೇಲಿ ಒಂದೇ ವಾಕ್ಯ ಸೇರಿಸಿ. ಮುಂದಿನ ಹಂತದಲ್ಲಿ ಪಾಳಿ ಮುರಿಯದಂತೆ ಲಾಕ್ ಹಾಕಲಾಗುವುದು, ಅಂತ. ನಾನು ಈಗ್ಲೇ ಪಾಸ್ ಅಂತ ಸೈನ್ ಮಾಡ್ತೀನಿ."

ಮೇಡಮ್ ನನ್ನ ಕಡೆ ನೋಡಿದರು. ಏಳನೆಯ ಇಯತ್ತೆ ಬಿಟ್ಟು ಬಂದ ದಿನ, ಬಸ್ಸಿನಲ್ಲಿ ಪುಸ್ತಕ ತೆರೆದು ತೂಕಡಿಸಿದ ವರ್ಷಗಳು, ಎಲ್ಲ ಆ ಒಂದು ವಾಕ್ಯದ ಆಚೆ ಇದ್ದವು.

"ಹಾಕೂದಿಲ್ಲಂತ ಮನಸಿನ್ಯಾಗ ಇಟ್ಕೊಂಡು ಹಾಕ್ತೇನಿ ಅಂತ ಹೆಂಗ ಬರೀಲ್ರಿ ಸರ್?"

"ಬರೀ ಒಂದು ವಾಕ್ಯ ಕಣ್ರೀ."

"ಊರಾಗ ಒಬ್ರು ಬರೀ ಒಂದು ಪೆಟ್ಟಿಗಿ ಬಾಯಿ ಮುಚ್ಚಸು ಅಂದ್ರು. ಅವ್ರಿಗೆ ಆಗೂದಿಲ್ಲ ಅಂದು ಬಂದೇನಿ. ಈಗ ಇಲ್ಲೆ ಹೂಂ ಅಂದ್ರ ಊರಿಗೆ ಯಾವ ಮಾರಿ ತಗೊಂಡು ಹೋಗ್ಲಿ? ಬರಿಯೂದಿಲ್ರಿ."

ಅವರು ಪೆನ್ನಿನ ಮುಚ್ಚಳ ಹಾಕಿದರು. ಮುಂದಿನ ಅವಧಿಗೆ ಬದಲಾಯಿಸಿಕೊಂಡು ಮತ್ತೆ ಬನ್ನಿ ಎಂದರು. ಮತ್ತೆ ಬರುತ್ತೇನೆ ಎಂದೆ. ಬದಲಾಯಿಸುವ ಮಾತು ಎತ್ತಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಮೇಡಮ್ ಚೀಲ ಕಟ್ಟಲು ಕೈ ಹಚ್ಚಿದರು. ಅವರ ಕಣ್ಣಲ್ಲಿ ಸಿಟ್ಟಿತ್ತೋ ನೀರಿತ್ತೋ ನನಗೆ ತಿಳಿಯಲಿಲ್ಲ.

"ಒಂದು ಸಾಲು ಬರೆದಿದ್ರ ಇವತ್ತ ಎಲ್ಲಾರೂ ಪೇಢೆ ತಿಂತಿದ್ವಿ."

"ಕೀಲಿ ಬ್ಯಾರೆ, ರಿವಾಜ ಬ್ಯಾರೆ ಅಂತ ನೀವ ಕಲಿಸಿದ್ರಿ ಮೇಡಮ್."

"ಹಂಗಾರ ತಪ್ಪು ನಂದ," ಎಂದು ಕೊನೆಗೆ ನಕ್ಕುಬಿಟ್ಟರು. "ಮುಂದಿನ ಸಲ ಮತ್ತ ಇದನ್ನ ತರ್ತೀರಲ್ಲಾ? ಹಂಗಿದ್ರ ಬಲ್ಬ್ ಬ್ಯಾಡ. ಖರೆ ನೀರು ತೋರಸ್ರಿ."

ಊರಿಗೆ ಬಂದ ಮೇಲೆ ಅಂಗಡಿಗೆ ಹೋಗತೊಡಗಿದೆ. ತಂತಿ ಸುತ್ತುವ ಕೆಲಸಕ್ಕೆ ಯಾರ ಸಹಿಯೂ ಬೇಕಿಲ್ಲ. ಕೆಲವರು ಬಂದು, ಕಾಕಾರ ಕಾಲು ಹಿಡಿದುಬಿಡು, ಪೈಪು ಮತ್ತೆ ಸಿಗುತ್ತದೆ ಎಂದರು. ಕಾಕಾ ಎದುರು ಸಿಕ್ಕರೆ ಇವತ್ತಿಗೂ ನಮಸ್ಕಾರ ಮಾಡುತ್ತೇನೆ, ಅವರೂ ತಲೆ ಆಡಿಸುತ್ತಾರೆ. ಕಾಲು ಹಿಡಿಯುವುದು ಆಗದ ಮಾತು.

ಒಂದು ದಿನ ಗೆಳೆಯ ಅಂಗಡಿಗೇ ಬಂದ. ಪೈಪಿನ ತುದಿಯಲ್ಲಿ ಐದಾರು ಹೊಲಗಳಿಗೆ ಸೇರಿ ಒಂದೇ ಟೊಂಗೆಯ ಪೈಪು ಇದೆ. ಆಫೀಸಿನ ಯಂತ್ರ ಆ ಟೊಂಗೆಗೆ ಒಟ್ಟಿಗೆ ನೀರು ಬಿಡುತ್ತದೆ, ಒಳಗೆ ಹೇಗೆ ಹಂಚಿಕೊಳ್ಳುತ್ತೀರೆಂದು ಸಂಘ ಕೇಳುವುದಿಲ್ಲ. ಅಲ್ಲಿ ಪೆಟ್ಟಿಗೆ ಕೂಡಿಸು, ನಾವೆಲ್ಲ ಮಾತಾಡಿಕೊಂಡಿದ್ದೇವೆ ಎಂದ. ನಾನು ಅದೇ ವಾರ ಚೀಲ ಹೊತ್ತುಕೊಂಡು ಹೋದೆ. ಮೊದಲ ಪೆಟ್ಟಿಗೆ ಅವನ ಬದುವಿನ ಮೇಲೆ ಕೂಡಿಸುತ್ತಿರುವಾಗ ಅವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಸ್ವಲ್ಪ ಸಂಕೋಚದಿಂದ ಸುರುಮಾಡಿದ.

"ದೋಸ್ತ, ಒಂದು ಮಾತು. ಇಲ್ಲಿ ಇರೂದ ನಾವು ಐದಾರು ಮಂದಿ. ಎಲ್ಲಾ ಅಣ್ಣತಮ್ಮರ ಇದ್ದಂಗ. ನಮ್ಮ ನಮ್ಮೊಳಗ ಆ ಬೋರಲ ಗೀರಲ ಯಾಕಲೇ? ಅದೊಂದು ತಗದ ಬಿಡು."

ನಾನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ.

"ತಗಿಯೂದಿಲ್ಲ."

"ನಾ ಅಲ್ಲೇನಲೇ ನಿನ್ನ ಸಲುವಾಗಿ ಇವ್ರನ್ನೆಲ್ಲಾ ಒಪ್ಪಿಸಿದಾಂವ?"

"ಹೌದು, ನೀನ. ನೀ ಮುರಿದು ಹಿಂದ ನಿಂದರಲಿಲ್ಲಂದ್ರ ಮೊದಲ ನಿನ್ನನ್ನ ಬೋರಲ ಹಾಕ್ತೈತಿ. ಬೇಕಂದ್ರ ಕೂಡಸ್ತೇನಿ. ಬ್ಯಾಡಂದ್ರ ಚೀಲಾ ತಗೊಂಡು ಹೊಕ್ಕೇನಿ."

ಅವನು ನನ್ನನ್ನು ದಿಟ್ಟಿಸಿ ನೋಡಿದ. ಆಮೇಲೆ ದೂರದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ತನ್ನ ತಮ್ಮನಿಗೆ ಕೇಳುವ ಹಾಗೆ ಕೂಗಿದ: "ಇಂವ ಎಂಸಿಎ ಪಾಸ್ ಆಗೂದಿಲ್ಲೋ ಮಾರಾಯಾ, ಯಾರ ಮಾತೂ ಕೇಳೂದಿಲ್ಲ!"

"ಆಗ್ತೇನಿ," ಎಂದೆ. "ಹಿಂಗ ಇದ್ದುಕೊಂಡ ಆಗ್ತೇನಿ."

ಅವನು ಎದ್ದ. ಹಸಿ ನೋಡುವ ಕಡ್ಡಿಯನ್ನು ನನ್ನ ಕೈಯಿಂದ ಕಿತ್ತುಕೊಂಡು, ಉಳ್ಳಾಗಡ್ಡಿ ಸಾಲಿನ ನಡುವೆ ಕೂತು, ಬೆರಳಿಂದ ಮಣ್ಣು ಬಗೆದು, ತಾನೇ ಆಳವಾಗಿ ಹುಗಿದ.